ಎಕ್ಸೋಮ್ ವರದಿಯಲ್ಲಿ ಏನೂ ಇಲ್ಲ, ಆದರೂ ತಂದೆಯ ನಡಿಗೆ ತಪ್ಪುತ್ತಿದೆ

ಪ್ರಶ್ನೆ (ಬಸವನಗುಡಿ):
ಐವತ್ತರ ಆಸುಪಾಸಿನ ನನ್ನ ತಂದೆಯವರು ಈಚೆಗೆ ಕಾಲುಗಳನ್ನು ಅಗಲಿಸಿ ನಡೆಯುತ್ತಾರೆ, ಮಾತು ತೊದಲುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿದೆ. ಮದ್ಯ ಮುಟ್ಟದ ಅವರನ್ನು ಬಸ್ಸಿನಲ್ಲಿ ಜನ ಕುಡುಕರೆಂದು ದೂರ ಸರಿಸುವುದನ್ನು ನೋಡಲಾಗುತ್ತಿಲ್ಲ. ಎಂಆರ್‌ಐಯಲ್ಲಿ ಕಿರುಮೆದುಳು ಕುಗ್ಗಿರುವುದು ಕಂಡಿದೆ. ಜೀನ್‌ಗಳ ಮುಖ್ಯ ಭಾಗಗಳನ್ನು ಓದುವ ಎಕ್ಸೋಮ್ ಪರೀಕ್ಷೆಯಲ್ಲಿ ದೋಷವೇನೂ ಸಿಕ್ಕಿಲ್ಲ. ಅಜ್ಜನೂ ಹೀಗೆಯೇ ಹಾಸಿಗೆ ಹಿಡಿದಿದ್ದರಂತೆ. ಯಾವ ಲಕ್ಷಣವೂ ಇಲ್ಲದ ನಾನು ಈಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ 1:
ಮೊದಲು ನಿಮ್ಮ ತಂದೆಯವರ ಕಾಯಿಲೆಗೆ ಹೆಸರು ಸಿಗಬೇಕು. ನಿಮ್ಮ ಪರೀಕ್ಷೆಯ ಮಾತು ಆಮೇಲಿನದು. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುವುದನ್ನು ನೋಡಿದರೆ ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ (ಕಿರುಮೆದುಳು ಕ್ರಮೇಣ ಕುಗ್ಗಿ ಸಮತೋಲನ ತಪ್ಪುವ ಆನುವಂಶಿಕ ಕಾಯಿಲೆಗಳ ಗುಂಪು) ಇರಬಹುದೆಂಬ ಅನುಮಾನ ಸಹಜ. ಈ ಗುಂಪಿನ ಹಲವು ಕಾಯಿಲೆಗಳಲ್ಲಿ ಜೀನಿನೊಳಗಿನ ಸಿಎಜಿ ಎಂಬ ಮೂರಕ್ಷರದ ತುಣುಕು ಮಿತಿಮೀರಿ ಪುನರಾವರ್ತನೆಯಾಗಿರುತ್ತದೆ, ಸಾಮಾನ್ಯ ಎಕ್ಸೋಮ್ ಪರೀಕ್ಷೆಯು ಅದನ್ನು ನೆಚ್ಚುವಂತೆ ಹಿಡಿಯಲಾರದು. ಆದ್ದರಿಂದ ಆ ವರದಿಯನ್ನು ನಂಬಿ ಸುಮ್ಮನಾಗಬೇಡಿ; ಈ ಅಟಾಕ್ಸಿಯಾದ ಟೈಪ್ 1, 2, 3 ಮತ್ತು 12ಕ್ಕೆ ಪುನರಾವರ್ತನೆಯನ್ನು ಎಣಿಸುವ ಪ್ರತ್ಯೇಕ ಪರೀಕ್ಷೆಯ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದಾದರೆ ಹಳೆಯ ಎಂಆರ್‌ಐ ಚಿತ್ರಗಳ ಜೊತೆಗೆ, ಯಾರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತೆಂದು ಬರೆದ ವಂಶವೃಕ್ಷವನ್ನೂ ಒಯ್ಯಿರಿ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ವಿಟಮಿನ್ ಇ ಅಥವಾ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಫೆನಿಟಾಯಿನ್‌ನಂತಹ ಮೂರ್ಛೆರೋಗದ ಮಾತ್ರೆ ಇವೂ ನಡಿಗೆ ತಪ್ಪಿಸುತ್ತವೆ, ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಮನೆತನದ ಕಾಯಿಲೆಯೆಂಬ ತೀರ್ಮಾನದ ಭರದಲ್ಲಿ ಈ ರಕ್ತಪರೀಕ್ಷೆಗಳು ತಪ್ಪಿಹೋಗಬಾರದು.

ಪ್ರಶ್ನಿಸಿದವರು:
ಧನ್ಯವಾದಗಳು. ತಂದೆಯವರಲ್ಲಿ ದೋಷ ಖಚಿತವಾದರೆ ನನ್ನ ಪಾಡೇನು?

ಉತ್ತರ 1:
ನಿಮಗೆ ಅದು ಬಂದಿರುವ ಸಾಧ್ಯತೆ ಶೇಕಡಾ 50. ಕಾಯಿಲೆಯನ್ನು ತಡೆಯುವ ಔಷಧಿ ಇನ್ನೂ ಇಲ್ಲದಿರುವುದರಿಂದ, ತಿಳಿಯಬೇಕೋ ಬೇಡವೋ ಎಂಬುದು ಸಂಪೂರ್ಣವಾಗಿ ನಿಮ್ಮ ನಿರ್ಧಾರ. ಮದುವೆ, ಮಕ್ಕಳ ಯೋಚನೆಯಿದ್ದರೆ ತಿಳಿದುಕೊಳ್ಳುವುದರಿಂದ ಪ್ರಯೋಜನವುಂಟು, ಆದರೆ ಆನುವಂಶಿಕ ಸಮಾಲೋಚನೆಗೆ ಮೊದಲು ರಕ್ತ ಕೊಡಬೇಡಿ, ಮನೆಯವರ ಒತ್ತಾಯಕ್ಕಂತೂ ಖಂಡಿತ ಕೊಡಬೇಡಿ. ಲಕ್ಷಣಗಳಿಲ್ಲದ, 18 ತುಂಬದ ತಮ್ಮ ತಂಗಿಯರಿದ್ದರೆ ಅವರಿಗೆ ಈ ಪರೀಕ್ಷೆ ಮಾಡಿಸುವುದು ಸಲ್ಲದು.

ಉತ್ತರ 3:
ನನ್ನ ಚಿಕ್ಕಮ್ಮನಿಗೂ ಇದೇ ಕಾಯಿಲೆ. ವರದಿಗಾಗಿ ಕಾಯುತ್ತಾ ಫಿಸಿಯೋಥೆರಪಿಯನ್ನು ಮುಂದೂಡಬೇಡಿ. ಸಮತೋಲನದ ವ್ಯಾಯಾಮದಿಂದ ಅವರು ಬೀಳುವುದು ಕಡಿಮೆಯಾಗಿದೆ. ನೀರು ಕುಡಿಯುವಾಗ ತಂದೆಯವರಿಗೆ ಕೆಮ್ಮು ಬರುತ್ತಿದ್ದರೆ ನುಂಗುವಿಕೆಯನ್ನೂ ಬೇಗನೆ ತಪಾಸಣೆ ಮಾಡಿಸಿ.