1 ಮೀಟರ್ ಹಾರುವ ಕುದುರೆ 1.10ಕ್ಕೆ ಪೋಲ್ ಯಾಕೆ ಬೀಳಿಸುತ್ತದೆ?

ಪ್ರಶ್ನೆ (ವಿಜಯಪುರ): ಡಾಕ್ಟರ್ ಸರ್, ನಮಸ್ಕಾರ್ರಿ. ರೇಸಿನಿಂದ ಬಿಟ್ಟ ಥರೋಬ್ರೆಡ್ (ರೇಸಿನ ತಳಿ) ಗೆಲ್ಡಿಂಗ್ (ಬೀಜ ಒಡೆದ ಗಂಡು), 8 ವರ್ಷ, ತೂಕ ಸುಮಾರು 450 ಕಿಲೊ. 1 ಮೀಟರ್ ಆರಾಮ ಹಾರತಾನ. 1.10 ಇಟ್ಟರ ಪೋಲ್ (ಜಂಪಿನ ಅಡ್ಡಗೋಲು) ಬೀಳತಾವ, ಅದರಾಗ ಎರಡು ಸಾಲು ಪೋಲಿನ ಅಗಲ ಜಂಪ್ ಅಂದ್ರ ಆಕ್ಸರ್‌ದೇ ಹೆಚ್ಚು. ಈಗೀಗ ಹತ್ತಿರಹತ್ತಿರ ಇಟ್ಟ ಜೋಡಿ ಜಂಪ್ ಅಂದ್ರ ಡಬಲ್‌ನ ಎರಡನೇ ಜಂಪಿಗೆ ನಿಂತೇ ಬಿಡತಾನ. ಅಭ್ಯಾಸ ಎಲ್ಲಾ ಹೊಲದ ಎರೆ ನೆಲದಾಗ. ಮೇವು ಜೋಳದ ಕಣಕಿ, ನೆನೆಸಿದ ಕಡಲಿ, ಗೋಧಿ ಬೂಸಾ. ಶಕ್ತಿ ಸಾಲವಲ್ದು ಅನಸ್ತದ. ಕಡಲಿ ಹೆಚ್ಚು ಮಾಡಲೇನ್ರಿ?

ಉತ್ತರ (ಕುದುರೆ ವೈದ್ಯರು, ಬೆಳಗಾವಿ): ಕಡಲೆ ಹೆಚ್ಚಿಸಬೇಡಿ. ಮೊದಲು ಪೋಲ್ ಯಾವ ಕಾಲಿಗೆ ಬೀಳುತ್ತದೆ ನೋಡಿ. ಮೊಬೈಲನ್ನು ಜಂಪಿನ ಪಕ್ಕ, ಪೋಲ್ ಎತ್ತರಕ್ಕೇ ಇಟ್ಟು ಸ್ಲೋ ಮೋಷನ್‌ನಲ್ಲಿ ಏಳೆಂಟು ಜಿಗಿತ ಹಿಡಿಯಿರಿ. ಮುಂಗಾಲಿಗೆ ಬಿದ್ದರೆ ಕುದುರೆ ತೀರ ಹತ್ತಿರ ಬಂದು ಎದ್ದಿದೆ, ಇಲ್ಲವೇ ಸವಾರ ಅದು ಏಳುವ ಮೊದಲೇ ಕುತ್ತಿಗೆ ಮೇಲೆ ಬಾಗಿದ್ದಾನೆ. ಹಿಂಗಾಲಿಗೆ, ಅದರಲ್ಲೂ ಆಕ್ಸರ್‌ನ ಹಿಂದಿನ ಪೋಲ್ ಬೀಳುತ್ತಿದ್ದರೆ ಬೆನ್ನು, ಹಿಂಗಾಲಿನ ಕೀಲು, ಜೀನು ಈ ಮೂರನ್ನೂ ಅನುಮಾನಿಸಬೇಕು. ಸವಾರ ಗಾಳಿಯಲ್ಲಿರುವಾಗಲೇ ಜೀನಿನ ಮೇಲೆ ಕುಸಿದು ಕೂತರೂ ಹಿಂಗಾಲು ಇಳಿದು ತಗಲುತ್ತದೆ.

ಬೆನ್ನು ನೋಡುವುದು ಸವಾರಿಗೆ ಮುಂಚೆ. ಬೆನ್ನೆಲುಬಿನ ಎರಡೂ ಬದಿಗೆ ನಾಲ್ಕು ಬೆರಳು ಒತ್ತುತ್ತ, ಹೆಗಲ ಮೇಲಿನ ಉಬ್ಬು ಅಂದರೆ ವಿದರ್ಸ್‌ನಿಂದ ಸೊಂಟದವರೆಗೆ ನಿಧಾನ ಸರಿಯಿರಿ. ಒಂದೇ ಜಾಗದಲ್ಲಿ ಪ್ರತಿ ಸಲ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅಲ್ಲಿ ನೋವಿದೆ. ಸವಾರ ಕೂತಾಗ ವಿದರ್ಸ್ ಮತ್ತು ಜೀನಿನ ನಡುವೆ ಎರಡು ಮೂರು ಬೆರಳು ಆಡಬೇಕು. ಸವಾರಿ ಮುಗಿದು ಜೀನು ಇಳಿಸಿದಾಗ ಬೆವರಿನ ನಡುವೆ ಅಂಗೈಯಷ್ಟು ಒಣ ಜಾಗ ಕಂಡರೆ ಅಲ್ಲಿ ಒತ್ತುತ್ತಿರಬಹುದು. ಕೆಳಗೆ ಇನ್ನೊಂದು ಕಂಬಳಿ ಹಾಕಿದರೆ ಒತ್ತಡ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿಮ್ಮ ನೆಲದ ವಿಷಯಕ್ಕೆ ನನಗೆ ಹೆಚ್ಚು ಚಿಂತೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆಯಲ್ಲಿ ಗೊರಸು ಹಿಡಿದೆಳೆಯುತ್ತದೆ. ಇಳಿಯುವಾಗ ಮೊದಲು ನೆಲ ಮುಟ್ಟುವ ಒಂದೇ ಮುಂಗಾಲು ಒಂದು ಕ್ಷಣ ಇಡೀ ಭಾರ ಹೊರುತ್ತದೆ. ಪೆಟ್ಟು ಗೊರಸಿಗೆ, ಎಳೆತ ಹಿಂದಿನ ಸ್ನಾಯುರಜ್ಜುಗೆ. ಇಳಿದರೆ ನೋಯುತ್ತದೆ ಅಂತ ಒಮ್ಮೆ ಗೊತ್ತಾದ ಕುದುರೆ ಮುಂದಿನ ಜಂಪಿಗೆ ನಿಲ್ಲುವುದು ಹಟವಲ್ಲ. ಜಂಪ್ ಇಡುವ ಜಾಗಕ್ಕಾದರೂ ಗರಸು ಹಾಕಿ, ನೀರು ಹರಿಯುವಷ್ಟು ಇಳಿಜಾರು ಕೊಟ್ಟು ರೋಲರ್ ಹೊಡೆಸಿ, ಮೇಲೆ 8ರಿಂದ 10 ಸೆಂ.ಮೀ. ಮರಳು ಹರಡಿ. ಅದಕ್ಕಿಂತ ಆಳವಾದರೆ ಸ್ನಾಯುರಜ್ಜು ಎಳೆಯುತ್ತದೆ. ಅಭ್ಯಾಸಕ್ಕೆ ಮೊದಲು ನೀರು ಚಿಮುಕಿಸಿ. ಗೊರಸಿನ ಗುರುತು ಅಂಚು ಸಮೇತ ಸ್ಪಷ್ಟ ಮೂಡಬೇಕು, ಕಾಲು ಹೂತುಹೋಗಬಾರದು.

ಉತ್ತರ (ಸವಾರಿ ತರಬೇತುದಾರರು, ಬಾಗಲಕೋಟೆ): ಅಣ್ಣಾರ, ಡಬಲ್‌ನ ನಡುವೆ ಅಂತರ ಎಷ್ಟು ಇಟ್ಟೀರಿ?

ಪ್ರಶ್ನೆ: ಹೆಜ್ಜಿ ಎಣಿಸಿ ಇಟ್ಟಿದ್ವಿ. ಈಗ ಟೇಪ್ ಹಿಡಿದು ನೋಡಿದ್ರ 6.4 ಮೀಟರ್ ಬಂತು.

ಉತ್ತರ (ತರಬೇತುದಾರರು): ಅವನು ನಿಲ್ಲೋದು ಅದಕ್ಕೇ. ಲೆಕ್ಕ ಹೀಗೆ: ಇಳಿಯಲು 1.8 ಮೀಟರ್, ಹದವಾದ ಓಟ ಅಂದರೆ ಕ್ಯಾಂಟರ್‌ನ ಒಂದು ಹೆಜ್ಜೆಗೆ 3.6, ಮತ್ತೆ ಏಳಲು 1.8. ಒಟ್ಟು 7.2. ಒಂದು ಹೆಜ್ಜೆಯ ಡಬಲ್‌ಗೆ 7.3 ಇಡಿ, ಎರಡು ಹೆಜ್ಜೆಯದಕ್ಕೆ 10.7ರಿಂದ 11. ರೇಸಿನ ಕುದುರೆಯ ಹೆಜ್ಜೆ ಮೊದಲೇ ಉದ್ದ. 6.4ರಲ್ಲಿ ಇಳಿದು ಒಂದು ಹೆಜ್ಜೆ ಇಟ್ಟರೆ ಎದೆ ಪೋಲಿಗೆ ಬಂದು ನಿಲ್ಲುತ್ತದೆ, ಏಳಲು ಜಾಗವೇ ಇರೋದಿಲ್ಲ. ಸ್ಪರ್ಧೆಯಲ್ಲಿ ಹಾಗೆ ನಿಂತರೆ 4 ಪೆನಾಲ್ಟಿ, ಜೊತೆಗೆ ಡಬಲ್ ಪೂರ್ತಿ ಮತ್ತೆ ಹಾರಬೇಕು. ಅದೇ ಸುತ್ತಿನಲ್ಲಿ ಎರಡನೇ ಸಲ ನಿಂತರೆ ಹೊರಗೆ. ನಿಮ್ಮ ಹೆಜ್ಜೆಯನ್ನ ಸರಿಯಾಗಿ 90 ಸೆಂ.ಮೀ.ಗೆ ರೂಢಿ ಮಾಡಿಕೊಳ್ಳಿ. ಎಂಟು ಹೆಜ್ಜೆ ಅಂದರೆ 7.2, ಕೋರ್ಸ್ (ಜಂಪ್ ಇಟ್ಟ ಅಂಗಳ) ನಡೆದು ನೋಡುವಾಗ ಅದೇ ಅಳತೆಗೋಲು.

ಪೋಲ್‌ಗೆ ಬಣ್ಣ ಹಚ್ಚೀರೇನು? ಕುದುರೆ ಕಣ್ಣಿಗೆ ಕೆಂಪು, ಹಸಿರು ಬೇರೆಬೇರೆ ಕಾಣೋದಿಲ್ಲ. ನೀಲಿ, ಹಳದಿ ಕಾಣುತ್ತವೆ. ಕಪ್ಪು ನೆಲದ ಮೇಲೆ ಬರೀ ಕಟ್ಟಿಗೆ ಬಣ್ಣದ ಪೋಲ್ ಬೇಡ, ಬಿಳಿ-ನೀಲಿ ಪಟ್ಟಿ ಹಚ್ಚಿ.

ಪ್ರಶ್ನೆ: ಪೋಲ್‌ಗೆ ಬಣ್ಣ ಇಲ್ರಿ. ಹಚ್ಚತೀವಿ. ಮೇವಿಂದು ಹೇಳ್ರಿ ಡಾಕ್ಟರ್ ಸರ್.

ಉತ್ತರ (ವೈದ್ಯರು): ಗೋಧಿ ಬೂಸಾದಲ್ಲಿ ರಂಜಕ ಬಹಳ, ಸುಣ್ಣದಂಶ ತೀರಾ ಕಡಿಮೆ. ಕಡಲೆಯೂ ಅದೇ ದಾರಿ. ಇದೇ ತಿಂಗಳುಗಟ್ಟಲೆ ನಡೆದರೆ ಕುದುರೆ ಎಲುಬಿನಿಂದ ಸುಣ್ಣ ತೆಗೆಯುತ್ತದೆ. ಮುಖದ ಎಲುಬು ಊದುವುದು ಆಮೇಲೆ. ಅದಕ್ಕೂ ಮೊದಲು ಹೆಜ್ಜೆ ಗಿಡ್ಡವಾಗಿ, ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತದೆ. ಬೂಸಾ ಅರ್ಧ ಕಿಲೊಗೆ ಇಳಿಸಿ, 4-5 ಕಿಲೊ ಹಸಿ ಕುದುರೆ ಮಸಾಲೆ ಸೊಪ್ಪನ್ನು ಬಾಡಿಸಿ ಕೊಡಿ. ಒಣ ಮೇವು ದಿನಕ್ಕೆ 7 ಕಿಲೊಗೆ ಕಡಿಮೆ ಆಗಬಾರದು. ಕಾಳು ಒಂದು ಹೊತ್ತಿಗೆ 2 ಕಿಲೊ ದಾಟಬಾರದು. ಉಪ್ಪು 30ರಿಂದ 50 ಗ್ರಾಂ. ಬಿಡುವಿನ ದಿನ ಕಾಳು ಅರ್ಧ ಮಾಡಿ. ಪೂರ್ತಿ ಕಾಳು ತಿಂದು ನಿಂತ ಕುದುರೆ ಮರುದಿನ ದುಡಿದರೆ ಸೊಂಟದ ಸ್ನಾಯು ಕಲ್ಲಿನಂತೆ ಬಿಗಿದು, ಕಾಫಿ ಬಣ್ಣದ ಉಚ್ಚೆ ಹೊಯ್ಯುತ್ತದೆ. ಅದು ಕಂಡರೆ ಒಂದು ಹೆಜ್ಜೆಯೂ ನಡೆಸದೆ ಡಾಕ್ಟರನ್ನು ಕರೆಸಿ. ಎಳೆ ಹಸಿ ಜೋಳಕ್ಕೆ ಕುದುರೆ ಬಿಡಬೇಡಿ, ಬಲಿತು ಒಣಗಿದ ಕಣಕಿ ಸಾಕು.

ಬೇಸಿಗೆಯಲ್ಲಿ ಸವಾರಿ ಬೆಳಿಗ್ಗೆ 6ಕ್ಕೆ. ಮುಗಿದ 10 ನಿಮಿಷಕ್ಕೆ ದವಡೆ ಕೆಳಗಿನ ನಾಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. 60ಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನೆರಳಿಗೆ ತಂದು ಮೈ ತುಂಬ ನೀರು ಸುರಿಯುತ್ತಲೇ ಇರಿ. ಬಿಸಿ ಮೈಗೆ ತಣ್ಣೀರು ಬಿದ್ದರೆ ಸ್ನಾಯು ಹಿಡಿಯುತ್ತದೆ ಅನ್ನೋದು ಸುಳ್ಳು, ಆ ಹೆದರಿಕೆಗೆ ಕುದುರೆ ಬೇಯಿಸಬೇಡಿ. ಇಷ್ಟೆಲ್ಲ ಸರಿಯಿದ್ದೂ ಸುಸ್ತು, ಬಿಟ್ಟುಬಿಟ್ಟು ಜ್ವರ, ಕಾಲಿನ ಬಾವು ಇದ್ದರೆ ಸರ್ರಾ ರೋಗಕ್ಕೆ (ನೊಣ ಕಚ್ಚಿ ಹರಡುವ, ರಕ್ತದ ಪರಾವಲಂಬಿಯಿಂದ ಬರುವ ರೋಗ) ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮತ್ತ 1.10 ಯಾವಾಗ ಇಡೋದ್ರಿ?

ಉತ್ತರ (ತರಬೇತುದಾರರು): ಬೆನ್ನಿನ ನೋವು ಹೋದಮೇಲೆ 80 ಸೆಂ.ಮೀ.ನಿಂದ ಶುರು ಮಾಡಿ. ವಾರಕ್ಕೆ ಎರಡೇ ದಿನ ಜಂಪ್, ದಿನಕ್ಕೆ 15-20 ಜಿಗಿತ, ಉಳಿದ ದಿನ ಏರಿನ ದಾರಿಯಲ್ಲಿ ನಡಿಗೆ, ಟ್ರಾಟ್ (ಸಣ್ಣ ಓಟ). 7.3ರ ಡಬಲನ್ನು ಮೂರು ವಾರ ಒಮ್ಮೆಯೂ ನಿಲ್ಲದೆ ದಾಟಿದಮೇಲೆ 5 ಸೆಂ.ಮೀ. ಏರಿಸಿ. ಲಾಳ 5-6 ವಾರಕ್ಕೊಮ್ಮೆ ಬದಲಿಸೋದು ಮರೀಬೇಡ್ರಿ.