ಹಸುಗೆ ಜೀನ್ ಟೆಸ್ಟ್ ಮಾಡ್ಸಿದ್ರೆ ಕೆಚ್ಚಲು ಬಾವು ತಪ್ಪುತ್ತಾ?

ಮದ್ದೂರು ಹೈನುಗಾರ:
ಎಲ್ರಿಗೂ ನಮಸ್ಕಾರ, ನಮ್ಮನೇಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು ಇದಾವೆ, ಅದ್ರಲ್ಲಿ ಎರಡನೇ ಸೂಲಿನ ಹಸುಗೆ ಮೂರು ಸಲ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತೇ ಹೋಯ್ತು, ಹೋದ್ ವರ್ಷ ಒಂದು ಹೆಣ್ಣುಗರು ಥೈಲೇರಿಯಾ ಅನ್ನೋ ಉಣ್ಣೆಯಿಂದ ಬರೋ ರೋಗದಲ್ಲಿ ಹೋಯ್ತು. ಬಾಲದ ಕೂದಲು ಕಳ್ಸಿದ್ರೆ ಡಿಎನ್‌ಎ ನೋಡಿ ಯಾವ ಕಡಸಿಗೆ ರೋಗ ತಡ್ಕೊಳೋ ಶಕ್ತಿ ಇದೆ ಅಂತ ಹೇಳ್ತಾರಂತೆ. ಮಾಡ್ಸ್ಬೋದಾ? ಆ ಕರು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಪಶುವೈದ್ಯ:
ಎರಡು ಥರದ ಟೆಸ್ಟ್ ಇದೆ ಅಣ್ಣ, ಎರಡನ್ನೂ ಒಂದೇ ಅಂದ್ಕೋಬೇಡಿ. ಒಂದು, ಒಂದೇ ಜೀನ್ ದೋಷ ಹಿಡಿಯೋದು. ಎಚ್‌ಎಫ್‌ನಲ್ಲಿ ಬ್ಲಾಡ್ ಅಂತ ಒಂದು ವಂಶದ ದೋಷ ಇದೆ, ತಂದೆ ತಾಯಿ ಎರಡೂ ಕಡೆಯಿಂದ ಬಂದ್ರೆ ಕರುವಿನ ಬಿಳಿ ರಕ್ತಕಣ ಸೋಂಕಿನ ಜಾಗಕ್ಕೇ ಹೋಗಲ್ಲ, ಪದೇ ಪದೇ ಕಾಯಿಲೆ ಬಿದ್ದು ಚಿಕ್ಕದ್ರಲ್ಲೇ ಸಾಯುತ್ತೆ. ಅಮೆರಿಕದ ಆಸ್ಬಾರ್ನ್‌ಡೇಲ್ ಐವನ್‌ಹೋ ಅನ್ನೋ ಒಂದು ಹೋರಿಯ ವಂಶದಿಂದ ಇದು ದೇಶದೇಶಕ್ಕೆ ಹರಡ್ತು. ಇದ್ರ ಟೆಸ್ಟ್ ಪಕ್ಕಾ, ಆದ್ರೆ ಮಾಡ್ಬೇಕಾದ್ದು ವೀರ್ಯ ಕೊಡೋ ಹೋರಿಗೆ.

ಇನ್ನೊಂದು, ತುಂಬಾ ಜೀನ್ ಒಟ್ಟಿಗೆ ನೋಡಿ ಅಂದಾಜು ಹೇಳೋದು. ಕೆಚ್ಚಲು ಬಾವು ಬ್ಲಾಡ್ ಥರ ಅಲ್ಲ, ನೂರಾರು ಜೀನ್ ಸೇರಿರುತ್ತೆ, ವಂಶದ ಪಾಲು ಕಮ್ಮಿ, ಕೊಟ್ಟಿಗೆ ಮತ್ತೆ ಕರೆಯೋ ರೀತಿ ಪಾಲೇ ಜಾಸ್ತಿ. ನಾರ್ವೆಯವ್ರು 1978ರಿಂದ್ಲೇ ಹೋರಿ ಆರಿಸೋವಾಗ ಈ ರೋಗದ ಲೆಕ್ಕ ಸೇರಿಸ್ಕೊಂಡ್ರು, ಡಿಎನ್‌ಎ ಓದೋ ಚಿಪ್ ಗಿಪ್ ಇರ್ಲಿಲ್ಲ, ಯಾವ ಹೋರಿ ಮಗಳಿಗೆ ಎಷ್ಟ್ ಸಲ ಬಾವು ಬಂತು ಅಂತ ಬರೆದಿಟ್ರು ಅಷ್ಟೇ. ನಮ್ಮಲ್ಲೂ 2024ರಲ್ಲಿ ಹಸುಗೆ ಗೌ ಚಿಪ್, ಎಮ್ಮೆಗೆ ಮಹಿಷ್ ಚಿಪ್ ಬಂದಿದೆ, ಒಳ್ಳೇ ಕೆಲಸ, ಆದ್ರೆ ರೋಗದ ದಾಖಲೆ ಇಲ್ದೆ ಯಾವ ಚಿಪ್ಪೂ ರೋಗದ ಬಗ್ಗೆ ಮಾತಾಡಲ್ಲ.

ತೀರ್ಥಹಳ್ಳಿ ಅಕ್ಕ:
ನಮ್ಮ ಮಲೆನಾಡು ಗಿಡ್ಡ ಹಸುಗಳು ಕಾಡಲ್ಲೇ ಮೇಯ್ತವೆ, ಉಣ್ಣೆ ಹತ್ತುತ್ತೆ, ಆದ್ರೂ ಕ್ರಾಸ್ ಕರುಗಳ ಥರ ಥೈಲೇರಿಯಾಗೆ ಬೀಳಲ್ಲ. ಹಾಲು ಮಾತ್ರ ಕಮ್ಮಿ. ಈ ಗುಣ ಯಾವ ಜೀನಲ್ಲಿದೆ ಅಂತ ಹುಡುಕೋಕಾದ್ರೂ ತಳಿ ಉಳೀಬೇಕಲ್ವಾ?

ಪಶುವೈದ್ಯ:
ಸರಿಯಾಗ್ ಹೇಳಿದ್ರಿ ಅಕ್ಕ. ಅಣ್ಣ, ನೀವು ಆ ಟೆಸ್ಟ್ ದುಡ್ಡಲ್ಲಿ ಕರುಗಳಿಗೆ ಥೈಲೇರಿಯಾ ಲಸಿಕೆ ಹಾಕ್ಸಿ, ಹಾಲು ಕರೆದ್ಮೇಲೆ ಮೊಲೆ ಅಯೋಡಿನ್ ದ್ರಾವಣದಲ್ಲಿ ಅದ್ದಿ, ತಕ್ಷಣ ಮೇವು ಹಾಕಿ ಅರ್ಧ ಗಂಟೆ ಮಲಗದಂಗೆ ನೋಡ್ಕೊಳಿ, ಮೊಲೆ ತೂತು ಮುಚ್ಕೊಳೋಕೆ ಅಷ್ಟು ಹೊತ್ತು ಬೇಕು.

ಮದ್ದೂರು ಹೈನುಗಾರ:
ಆಯ್ತು ಡಾಕ್ಟ್ರೇ. ಕರೆದ ಕೂಡ್ಲೇ ಹಸು ಮಲಗೋದು ನಮ್ಮಲ್ಲಿ ದಿನಾ ನಡೆಯುತ್ತೆ, ಹಿಂಡಿ ಮುಂಚೇನೇ ಇಟ್ಬಿಡ್ತೀವಿ. ಬೆಳಿಗ್ಗೆಯಿಂದ ಆಮೇಲೆ ಇಡ್ತೀನಿ. ಕಿವಿ ಓಲೆ ನಂಬರ್ ಬರೆದು ಪುಸ್ತಕನೂ ಶುರು ಮಾಡ್ತೀನಿ, ಸೆಮೆನ್ ಸ್ಟ್ರಾ ಮೇಲಿರೋ ಹೋರಿ ನಂಬರೂ ಬರೀಬೇಕಾ?

ಪಶುವೈದ್ಯ:
ಅದನ್ನೇ ಮೊದ್ಲು ಬರೀರಿ.