ಅದಿರು ಲಾರಿಗೆ ಜಿಪಿಎಸ್: ಒಂದೇ ಪೆಟ್ಟಿಗೆ ಸಾಕಾ? ಹಾಕಿಸಿದವರು ಅನುಭವ ಹೇಳಿ

ಸಂಡೂರು ಟಿಪ್ಪರ್:
ಎಲ್ಲರಿಗೂ ನಮಸ್ಕಾರ. ಹತ್ತು ಗಾಲಿಯ ಸೆಕೆಂಡ್ಸ್ ಗಾಡಿ ತಗೊಂಡಿದ್ದೇನೆ, ನ್ಯಾಷನಲ್ ಪರ್ಮಿಟ್ ಇದೆ. ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಹೊಡೆಯಬೇಕು. ಕೆಲಸ ಕಡಿಮೆ ಇದ್ದಾಗ ಮಂಗಳೂರು ಕಡೆ ಲೋಡ್. ಗಣಿ ಇಲಾಖೆಯ ಐಎಲ್‌ಎಂಎಸ್‌ಗೆ (ಅದಿರು ಸಾಗಣೆಯ ಲೆಕ್ಕ ಇಡುವ ಆನ್‌ಲೈನ್ ವ್ಯವಸ್ಥೆ) ಗಾಡಿ ಸೇರಿಸಲು ಜಿಪಿಎಸ್ ಬೇಕು ಅಂತಾರೆ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಹೋದರೆ ಆರ್‌ಟಿಒದಲ್ಲಿ ವಿಎಲ್‌ಟಿ, ಅಂದರೆ ಗಾಡಿ ಎಲ್ಲಿದೆ ಅಂತ ತಿಳಿಸುವ ಜಿಪಿಎಸ್ ಪೆಟ್ಟಿಗೆ, ಕೇಳುತ್ತಾರೆ. ಎರಡಕ್ಕೂ ಒಂದೇ ಪೆಟ್ಟಿಗೆ ನಡೆಯುತ್ತಾ? ಘಾಟಿಯಲ್ಲಿ ಸಿಗ್ನಲ್ ಹೋದರೆ ದಾರಿ ತಪ್ಪಿಸಿದ ಅಂತ ಕೇಸ್ ಬೀಳುತ್ತಾ?

ಹೊಸಪೇಟೆ ಮಾಲೀಕ:
ತಮ್ಮಾ, ಖರ್ಚಿನ ಲೆಕ್ಕ ಮೊದಲು ಕೇಳು. ವಿಎಲ್‌ಟಿಗೆ 2023ರಲ್ಲಿ ಸರ್ಕಾರ ಇಟ್ಟ ದರ 7,599 ರೂಪಾಯಿ. ಜಿಎಸ್‌ಟಿ ಸೇರಿದರೆ ಸುಮಾರು 8,967. ನನ್ನಿಂದ ಡೀಲರ್ ಕಿತ್ತಿದ್ದು 11,500. ಫಿಟ್ಟಿಂಗ್ 800, ವೈರ್ ಬದಲಿಸಿದ್ದಕ್ಕೆ 450, ಸರ್ಟಿಫಿಕೇಟ್ ಅಂತ ಇನ್ನೊಂದು 500, ಉಳಿದದ್ದಕ್ಕೆ ಬಿಲ್ಲೇ ಇಲ್ಲ. ಸಿಮ್ ಅವಧಿ ಮುಗಿಯಿತು, ಫೋನ್ ಮಾಡಿದರೆ ಅಂಗಡಿಯೇ ಇಲ್ಲ. ಬೇರೆ ಕಂಪನಿಯವರು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಹೊಸದೇ ತಗೋ ಅಂದರು. ಎಫ್‌ಸಿ ತಡವಾಗಿ ಗಾಡಿ ನಿಂತಿತು, ಕಂತು ನಿಲ್ಲಲಿಲ್ಲ. ಈಗ ನನ್ನ ಗಾಡಿಯಲ್ಲಿ ಎರಡು ಪೆಟ್ಟಿಗೆ ಇವೆ, ಒಂದು ಗಣಿಗೆ, ಒಂದು ಆರ್‌ಟಿಒಗೆ. ಎರಡಕ್ಕೂ ಬೇರೆ ಬೇರೆ ರಿನೀವಲ್.
ಇಷ್ಟೆಲ್ಲಾ ಯಾರು ಮಾಡಿದ ತಪ್ಪಿಗೆ? ಬೇಲೇಕೇರಿ ಬಂದರಿನಿಂದ ಅಕ್ರಮ ಅದಿರು ಮಾಯವಾಗಿದ್ದು ದೊಡ್ಡವರ ಕೈಯಿಂದ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತು. ನನ್ನ ಎರಡು ಗಾಡಿ ಫೈನಾನ್ಸ್‌ನವರು ಎಳೆದುಕೊಂಡು ಹೋದರು.

ಚಿತ್ರದುರ್ಗ ಟ್ರಾನ್ಸ್‌ಪೋರ್ಟ್:
ಅಣ್ಣ, ನಿಮ್ಮ ನೋವು ಅರ್ಥವಾಗುತ್ತೆ, ಆದರೆ ಪೆಟ್ಟಿಗೆಯನ್ನೇ ಬೈಯಬೇಡಿ. ನಮ್ಮ ಎಲ್ಲಾ ಗಾಡಿಗೂ ಎಐಎಸ್-140 (ವಿಎಲ್‌ಟಿಗೆ ಇರುವ ಸರ್ಕಾರಿ ಮಾನದಂಡ) ಪೆಟ್ಟಿಗೆ ಹಾಕಿಸಿದ್ದೇನೆ. ನಮ್ಮ ಒಂದು ಗಾಡಿ ದಾರಿ ಬಿಟ್ಟು ಹೋಗಿದೆ, ಅದಿರು ಇಳಿಸಿ ಮಾರಿದ್ದಾರೆ ಅಂತ ದೂರು ಬಂತು. ಕಲ್ವರ್ಟ್ ಕುಸಿದು ಪೊಲೀಸರೇ ಬೇರೆ ದಾರಿಗೆ ತಿರುಗಿಸಿದ್ದರು. ಗಾಡಿ ಎಲ್ಲೂ ನಿಂತಿಲ್ಲ, ಟಿಪ್ಪರ್ ಎತ್ತುವಷ್ಟು ಹೊತ್ತೂ ನಿಂತಿಲ್ಲ ಅಂತ ಜಿಪಿಎಸ್ ದಾಖಲೆಯ ಪ್ರಿಂಟ್ ತೆಗೆದು ಮುಂದಿಟ್ಟೆ. ಲೋಡ್ ಮಾಡಿದ ಕಡೆ, ಇಳಿಸಿದ ಕಡೆ ಎರಡೂ ಕಾಟಾದ (ಲಾರಿ ತೂಗುವ ಯಂತ್ರ) ಚೀಟಿ ತಾಳೆಯಾಯಿತು, ಕೇಸ್ ಅಲ್ಲೇ ಬಿದ್ದುಹೋಯಿತು. ಅದಿಲ್ಲದಿದ್ದರೆ ಗಾಡಿ ಸ್ಟೇಷನ್ ಮುಂದೆ ತುಕ್ಕು ಹಿಡಿಯುತ್ತಿತ್ತು.
ಸಿಗ್ನಲ್ ಚಿಂತೆ ಬೇಡ. ನೆಟ್‌ವರ್ಕ್ ಇಲ್ಲದ ಕಡೆ ಕನಿಷ್ಠ 40,000 ದಾಖಲೆ ಪೆಟ್ಟಿಗೆಯೊಳಗೇ ಉಳಿಯಬೇಕು ಅಂತ ನಿಯಮವೇ ಇದೆ. ಸಿಗ್ನಲ್ ಬಂದ ಮೇಲೆ ಹಳೆಯದೂ ಸೇರಿ ಹೋಗುತ್ತೆ. ಬ್ಯಾಟರಿ ವೈರ್ ಕಿತ್ತರೂ ಒಳಗಿನ ಬ್ಯಾಟರಿ ಸ್ವಲ್ಪ ಹೊತ್ತು ಓಡುತ್ತೆ, ಕಿತ್ತ ಸುದ್ದಿ ಮೊದಲು ಹೋಗುತ್ತೆ. ಕಳ್ಳ ಕೆಲಸ ಮಾಡದವರಿಗೆ ಭಯ ಯಾಕೆ?

ಸ್ಟೀರಿಂಗ್ ಹಿಡಿದವನು:
ಭಯ ಯಾಕೆ ಅಂದ್ರಾ ಸರ್? ನಾನು ಡ್ರೈವರ್. ಹಿರಿಯೂರು ಹತ್ತಿರ ರಾತ್ರಿ ಗಾಡಿ ಸೈಡಿಗೆ ಹಾಕಿ ಮಲಗಿದರೆ ಮಾಲೀಕರ ಫೋನ್, ‘ಯಾಕೆ ನಿಂತಿದೆ?’ ಅಂತ. ಜೋರಾಗಿ ಬ್ರೇಕ್ ಹಾಕಿದರೆ ಅಲರ್ಟ್. ಎಮ್ಮೆ ಅಡ್ಡ ಬಂದಿದ್ದು ಪೆಟ್ಟಿಗೆಗೆ ಕಾಣುತ್ತಾ? ಹಳೇ ಮಾಲೀಕರು ಅಲರ್ಟ್‌ಗೆ 200ರಂತೆ ಭತ್ಯೆಯಲ್ಲಿ ಹಿಡಿಯುತ್ತಿದ್ದರು. ಆ ತಿಂಗಳು ಮಗಳ ಸ್ಕೂಲ್ ಫೀಸ್‌ಗೆ ಸಾಲ ಮಾಡಿದೆ. ಟನ್ ಜಾಸ್ತಿ ಹಾಕು ಅಂದವರೂ ಅವರೇ. ಓವರ್‌ಲೋಡ್ ಗಾಡಿ ಇಳಿಜಾರಲ್ಲಿ ಹೇಗೆ ನಿಲ್ಲಿಸಬೇಕು?

ಚಿತ್ರದುರ್ಗ ಟ್ರಾನ್ಸ್‌ಪೋರ್ಟ್:
ನನ್ನ ಡ್ರೈವರ್‌ಗಳ ಭತ್ಯೆಗೆ ನಾನು ಕೈ ಹಾಕಿಲ್ಲ. ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಹೊಸಪೇಟೆ ಮಾಲೀಕ:
ಡ್ರೈವರ್ ಹೇಳಿದ್ದರಲ್ಲಿ ಸತ್ಯ ಇದೆ. ಜಿಪಿಎಸ್‌ಗೆ ತೂಕ ಗೊತ್ತಾಗಲ್ಲ. ದಾರಿ ಸರಿ ಇದ್ದರೆ ಗಾಡಿ ಸರಿ ಅಂತ ತೋರಿಸುತ್ತೆ, ಮೇಲೆ ಐದು ಟನ್ ಜಾಸ್ತಿ ಇದ್ದರೂ. 2019ರ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000, ಮೇಲೆ ಟನ್‌ಗೆ 2,000. ಐದು ಟನ್‌ಗೆ 30,000 ಆಯ್ತು, ಇಳಿಸುವ ಖರ್ಚು ಬೇರೆ. ಅದನ್ನು ಹಿಡಿಯೋದು ಕಾಟಾ, ಪೆಟ್ಟಿಗೆ ಅಲ್ಲ.

ಸಿಡ್ನಿ ಕನ್ನಡಿಗ:
ನಾನು ದಾವಣಗೆರೆಯವನು, ಇಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಸೆಮಿಟ್ರೇಲರ್ ಓಡಿಸುತ್ತೇನೆ. ಇಲ್ಲಿ ಜಿಪಿಎಸ್ ಹಾಕಿಸಿದವರಿಗೆ ಪ್ರತಿಯಾಗಿ ಏನಾದರೂ ಸಿಗುತ್ತೆ. ಮೂರು ಆಕ್ಸಲ್ (ಗಾಲಿ ಅಚ್ಚು) ಗುಂಪಿಗೆ ಸಾಮಾನ್ಯ ಮಿತಿ 20 ಟನ್. ಹೆಚ್ಚಿನ ತೂಕದ ಅನುಮತಿ ಇದ್ದರೆ 22.5. ನಾನು ಸೇರಿದಾಗ ಅದಕ್ಕೆ ಐಎಪಿ ಅನ್ನೋ ಜಿಪಿಎಸ್ ನಿಗಾ ವ್ಯವಸ್ಥೆಗೆ ಸೇರಲೇಬೇಕಿತ್ತು. ಎಲ್ಲಾ ಸೇತುವೆ ಆ ತೂಕ ತಡೆಯಲ್ಲ, ಅದಕ್ಕೆ ಒಪ್ಪಿದ ರಸ್ತೆ ಬಿಟ್ಟು ಹೋದರೆ ಮಾತ್ರ ವರದಿ. ಕ್ಯಾಬಿನ್‌ನಲ್ಲಿ ಸಣ್ಣ ಕೀಪ್ಯಾಡ್ ಇತ್ತು. ಲೋಡ್ ಆದ ಮೇಲೆ ತೂಕ ಎಷ್ಟು, ಟ್ರೇಲರ್ ಯಾವ ಬಗೆ ಅಂತ ನಾನೇ ಒತ್ತಬೇಕಿತ್ತು. ಪೂರ್ತಿ ಮಾಹಿತಿ ಟಿಸಿಎ (ಇಲ್ಲಿನ ಪ್ರಮಾಣೀಕರಣ ಸಂಸ್ಥೆ) ಒಪ್ಪಿದ ಖಾಸಗಿ ಕಂಪನಿಯಲ್ಲಿ ಇರುತ್ತಿತ್ತು. ತಪ್ಪಿದ್ದಷ್ಟೇ ಸರ್ಕಾರಕ್ಕೆ. ನಾನು ಟೀ ಕುಡಿಯಲು ನಿಂತಿದ್ದು ಯಾರಿಗೂ ಬೇಕಿರಲಿಲ್ಲ. ಆ ಎರಡೂವರೆ ಟನ್‌ನಲ್ಲೇ ಪೆಟ್ಟಿಗೆಯ ತಿಂಗಳ ಬಾಡಿಗೆ ಹುಟ್ಟುತ್ತಿತ್ತು.

ಬಳ್ಳಾರಿ ಹಳೇ ಹುಲಿ:
ಆಸ್ಟ್ರೇಲಿಯಾ ಕಥೆ ಇಲ್ಲಿ ಬೇಡ ಸ್ವಾಮಿ. ಸಂಡೂರಿನ ಕೆಂಪು ಧೂಳು ಕುಡಿದು ನೋಡಿ ಆಮೇಲೆ ಮಾತಾಡಿ. ಇಲ್ಲಿ ತೂಕದ ಮಿತಿ 2018ರಲ್ಲಿ ಸುಮ್ನೆ ಏರಿಸಿದರು. ಒಂಟಿ ಆಕ್ಸಲ್ 10.2ರಿಂದ 11.5 ಟನ್, ಇಡೀ ಗಾಡಿಯ ಗರಿಷ್ಠ 49ರಿಂದ 55. ರಸ್ತೆ ಅದೇ ಹಳೇ ರಸ್ತೆ.

ಸಿಡ್ನಿ ಕನ್ನಡಿಗ:
ಅದೇ ನಾನೂ ಹೇಳುತ್ತಿರುವುದು. ತೂಕ ಏರಿಸುವಾಗಲೇ ಈ ಸೇತುವೆ ಬೇಡ, ಈ ದಾರಿ ಹಿಡಿ ಅಂತ ಕಟ್ಟಿ ಹಾಕಿದ್ದರೆ ನಿಮ್ಮ ರಸ್ತೆ ಉಳಿಯುತ್ತಿತ್ತು. ಊರು ಬಿಟ್ಟ ಮಾತ್ರಕ್ಕೆ ನಾನು ಲಾರಿಯವನಲ್ಲ ಅನ್ನಬೇಡಿ. ನಮ್ಮಪ್ಪನೂ ಇದೇ ಅದಿರು ಹೊಡೆದವರು.

ಬಳ್ಳಾರಿ ಹಳೇ ಹುಲಿ:
ನಿಮ್ಮಪ್ಪನಂಥವರು ಎಷ್ಟು ಟನ್ ಹಾಕುತ್ತಿದ್ದರು ಅಂತ ನಾವು ನೋಡಿದ್ದೇವೆ. ರಸ್ತೆ ಹಾಳು ಮಾಡಿದ್ದೇ ಆ ಕಾಲ.

ಹೊಸಪೇಟೆ ಮಾಲೀಕ:
ಹಿರಿಯರ ಹೆಸರು ಎತ್ತಬೇಡಿ. ಆಗ ಲೋಡ್ ನಿರ್ಧರಿಸುತ್ತಿದ್ದದ್ದು ಗಣಿಯವರು. ಬೇಡ ಅಂದರೆ ಮರುದಿನ ಸಾಲಿನಿಂದ ಗಾಡಿ ಹೊರಗೆ.

ಮಂಗಳೂರು ಲೈನ್:
ಹುಡುಗ ಕೇಳಿದ್ದು ಘಾಟಿ ಬಗ್ಗೆ. ಚಾರ್ಮಾಡಿ ಮರೆತುಬಿಡಿ, 2019ರ ಭೂಕುಸಿತದ ನಂತರ ಭಾರಿ ಲಾರಿ ಬಿಡುವುದಿಲ್ಲ. ನನ್ನ ಹೊಸ ಡ್ರೈವರ್ ಮೊಬೈಲ್ ಮ್ಯಾಪ್ ನಂಬಿ ಅತ್ತ ಹೋದ. ಚೆಕ್‌ಪೋಸ್ಟ್‌ನಲ್ಲಿ ತಡೆದು ವಾಪಸ್ ಕಳಿಸಿದರು. ಡೀಸೆಲ್ 6,000ಕ್ಕೂ ಮೇಲೆ ಹೋಯಿತು, ಇಳಿಸುವ ಕಡೆ ಹಮಾಲರ ಕಾಯುವ ಕೂಲಿ 1,800, ಪಾರ್ಟಿ ಬಾಡಿಗೆಯಲ್ಲಿ 4,000 ಕತ್ತರಿಸಿತು. ಅಂದಿನಿಂದ ಆ್ಯಪ್‌ನಲ್ಲಿ ಗಡಿ ಹಾಕಿದ್ದೇನೆ. ಮೂಡಿಗೆರೆ ಕಡೆ ತಿರುಗಿದರೆ ನನ್ನ ಫೋನ್ ಕೂಗುತ್ತೆ. ಬಂಡೀಪುರಕ್ಕೂ ಹಾಗೇ, ರಾತ್ರಿ 9ಕ್ಕೆ ಗೇಟ್ ಬಿದ್ದರೆ ಬೆಳಿಗ್ಗೆ 6ರವರೆಗೆ ಲಾರಿ ಬಿಡಲ್ಲ. ಗಾಡಿ ಎಲ್ಲಿದೆ ಅಂತ ನೋಡಿ ಗುಂಡ್ಲುಪೇಟೆಯಲ್ಲೇ ನಿಲ್ಲಿಸಿ ಅನ್ನಬಹುದು.

ಸ್ಟೀರಿಂಗ್ ಹಿಡಿದವನು:
ಹಾಗೆ ಫೋನ್ ಮಾಡೋ ಮಾಲೀಕರಿದ್ದರೆ ನಾನೂ ಒಪ್ಪುತ್ತೇನೆ. ನಂಬರ್ ಕೊಡಿ ಸರ್, ಕೆಲಸ ಇದ್ದರೆ ಬರುತ್ತೇನೆ.

ಸಂಡೂರು ಟಿಪ್ಪರ್:
ಎಲ್ಲರಿಗೂ ವಂದನೆ. ಆದರೆ ಒಂದೇ ಪೆಟ್ಟಿಗೆ ಸಾಕಾ ಅಂತ ಇನ್ನೂ ಸರಿಯಾಗಿ ಯಾರೂ ಹೇಳಲಿಲ್ಲ.

ಚಿತ್ರದುರ್ಗ ಟ್ರಾನ್ಸ್‌ಪೋರ್ಟ್:
ಕೊಡುವವನನ್ನು ಲಿಖಿತವಾಗಿ ಕೇಳಿ, ಐಎಲ್‌ಎಂಎಸ್‌ಗೂ ಆರ್‌ಟಿಒದ ವಾಹನ್ ವ್ಯವಸ್ಥೆಗೂ ಎರಡಕ್ಕೂ ಜೋಡಿಸಿಕೊಡ್ತೀಯಾ ಅಂತ. ನನಗೆ ಒಂದರಲ್ಲೇ ಮಾಡಿಕೊಟ್ಟಿದ್ದಾರೆ. ಜೋಡಿಸಿ ತೋರಿಸುವವರೆಗೆ ದುಡ್ಡು ಬಿಚ್ಚಬೇಡಿ.

ಹೊಸಪೇಟೆ ಮಾಲೀಕ:
ನನಗೂ ಬಾಯಲ್ಲಿ ಹಾಗೇ ಹೇಳಿದ್ದರು. ಬಿಲ್‌ನಲ್ಲಿ ಸಿಮ್ ಎಷ್ಟು ವರ್ಷ ಅಂತ ಬರೆಸಿಕೋ ತಮ್ಮಾ. ಹಳೇ ಹುಲಿಯವರೇ, ನಿಮ್ಮ ಗಾಡಿಯ ಕಾಟಾ ಚೀಟಿ ಒಂದು ಇಲ್ಲಿ ಹಾಕಿ ನೋಡೋಣ.